ಮಂಡಿ ನೋವಿದ್ದವರು ಶಿವಗಂಗೆ ಹತ್ತಬಹುದಾ?

"ನನಗೆ ಐವತ್ತು ದಾಟಿದೆ. ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಎತ್ತರ ಅಂದರೆ ಭಯ. ಮನೆಯವರೆಲ್ಲ ಶಿವಗಂಗೆಗೆ ಹೊರಟಿದ್ದಾರೆ. ನಾನೂ ಹತ್ತಬಹುದಾ?"

ಚಳಿ ಶುರುವಾದರೆ ಸಾಕು, ಇದೇ ಪ್ರಶ್ನೆ. ಬೆಟ್ಟದ ಹೆಸರು ಮಾತ್ರ ಬೇರೆ. ಒಬ್ಬರಿಗೆ ಸಾವನದುರ್ಗ, ಇನ್ನೊಬ್ಬರಿಗೆ ಮಧುಗಿರಿ. ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ: ನಿಮ್ಮಂಥ ಬಹಳಷ್ಟು ಜನ ಹತ್ತಬಹುದು. ಆದರೆ ಈ ಭಾನುವಾರವೇ ಬೇಡ, ಒಂದೆರಡು ತಿಂಗಳು ತಯಾರಿ ಬೇಕು. ಮಂಡಿ ಊದಿಕೊಂಡಿದ್ದರೆ, ನಡುವೆ ಸಿಕ್ಕಿಹಾಕಿಕೊಂಡಂತೆ ನಿಂತುಬಿಟ್ಟರೆ, ಕಾಲು ಇದ್ದಕ್ಕಿದ್ದಂತೆ ಕುಸಿದರೆ ಮೊದಲು ಡಾಕ್ಟರಿಗೆ ತೋರಿಸಿ. ನಡೆದಾಗ ಎದೆ ಹಿಡಿದಂತಾದರೂ ಅಷ್ಟೇ. ಬಿಪಿ, ಶುಗರ್ ಇದ್ದವರೂ ಒಂದು ಮಾತು ಕೇಳಿಯೇ ಹೊರಡಿ.

ಇನ್ನು ಆ ಹಟಮಾರಿ ನಂಬಿಕೆಗೆ ಬರುತ್ತೇನೆ. "ಬೆಟ್ಟ ಹತ್ತಿದರೆ ಮಂಡಿ ಸವೆದುಹೋಗುತ್ತದೆ. ಇರುವಷ್ಟನ್ನು ಉಳಿಸಿಕೊಳ್ಳಿ, ಸುಮ್ನೆ ಕೂತಿರಿ." ಪಾರ್ಕಿನ ಬೆಂಚಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ಇದೇ ಮಾತು. ಮಂಡಿ ಚಪ್ಪಲಿಯ ಅಟ್ಟೆಯಲ್ಲ. ಅಟ್ಟೆಗೆ ಜೀವವಿಲ್ಲ, ತುಳಿದಷ್ಟೂ ತೆಳುವಾಗುತ್ತದೆ. ಮಂಡಿಯೊಳಗೆ ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಕಾರ್ಟಿಲೇಜ್ ಜೀವವಿರುವ ಪದರ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕಾಲೂರಿದಾಗ ಆ ಪದರ ಒತ್ತುತ್ತದೆ, ಎತ್ತಿದಾಗ ಸಡಿಲವಾಗುತ್ತದೆ. ಹೀಗೆ ಒತ್ತಿ ಬಿಟ್ಟಾಗಲೇ ದ್ರವ ಒಳಗೆ ಹೊರಗೆ ಓಡಾಡುವುದು. ಕೂತೇ ಇದ್ದರೆ ಆ ಓಡಾಟ ಕಡಿಮೆಯಾಗುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ತೊಡೆಯದು. ಮಂಡಿಯ ಭಾರ ಹಂಚಿಕೊಳ್ಳುವುದು ತೊಡೆಯ ಮುಂಭಾಗದ ಸ್ನಾಯು. ನೋವು ಅಂತ ಕೂತರೆ ಅದು ಸೊರಗುತ್ತದೆ, ಆಮೇಲೆ ನಾಲ್ಕು ಮೆಟ್ಟಿಲಿಗೇ ನೋವು ಜಾಸ್ತಿ. ಆಗ "ನೋಡಿದ್ರಾ, ಸವೆದಿದೆ" ಅನ್ನುತ್ತಾರೆ! ಮಂಡಿ ಸವೆತ ಅಂತ ಡಾಕ್ಟರೇ ಹೇಳಿದವರಿಗೂ ಮೊದಲು ಸೂಚಿಸುವ ಚಿಕಿತ್ಸೆಗಳಲ್ಲಿ ವ್ಯಾಯಾಮವಿದೆ. ಇದನ್ನು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೂ ಹೇಳಿ.

ಹಾಗಂತ ನಾಳೆಯೇ ಬೆಟ್ಟಕ್ಕೆ ಓಡಬೇಡಿ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೂರು ಪಟ್ಟು ದಾಟುತ್ತದೆ, ಇಳಿಯುವಾಗ ಮೂರೂವರೆಯ ಹತ್ತಿರ. ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ. ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಿ ಹತ್ತಲು ಲಿಫ್ಟ್ ಬಿಟ್ಟು, ಇಳಿಯಲು ಮತ್ತೆ ಲಿಫ್ಟ್ ಹಿಡಿದರೆ ಅರ್ಧ ತಯಾರಿಯಷ್ಟೇ. ಮೊದಲು ಒಂದು ಮಹಡಿ, ಕಂಬಿ ಹಿಡಿದು ನಿಧಾನವಾಗಿ ಇಳಿಯಿರಿ. ಮರುದಿನ ತೊಡೆ ನೋಯಬಹುದು, ಅದು ಸಹಜ. ಮಂಡಿ ಊದಿದರೆ ಮಾತ್ರ ಕಡಿಮೆ ಮಾಡಿ. ಬೆಟ್ಟಕ್ಕೆ ಹೋಗುವಾಗ ಕೋಲು ತಗೊಳ್ಳಿ, ಇಳಿಜಾರಿನಲ್ಲಿ ಭಾರ ಸ್ವಲ್ಪ ಕೈಗೂ ಹೋಗುತ್ತದೆ.

ಭಯಕ್ಕೂ ಅಭ್ಯಾಸವೇ ಮದ್ದು. ಲಾಲ್‌ಬಾಗ್ ಬಂಡೆ ಇದಕ್ಕೆ ಒಳ್ಳೆಯ ಜಾಗ. ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲು, ಕೆಂಪೇಗೌಡ ಗೋಪುರದವರೆಗೆ ಹಿತವಾದ ಏರು. ಅಲ್ಲಿ ಇಳಿಯುವುದನ್ನು ಕಲಿಯಿರಿ. ಹೆದರಿದವರು ಹಿಂದಕ್ಕೆ ವಾಲುತ್ತಾರೆ, ಆಗಲೇ ಕಾಲು ಜಾರುವುದು. ಮಂಡಿ ಸ್ವಲ್ಪ ಬಗ್ಗಿಸಿ, ಇಡೀ ಪಾದ ಊರಿ, ಸಣ್ಣ ಹೆಜ್ಜೆ ಇಡಿ. ಶಿವಗಂಗೆಯಲ್ಲಿ ಹತ್ತುವ ದಾರಿಯಲ್ಲೇ ಸಿಗುವ ಒಳಕಲ್ಲು ತೀರ್ಥದವರೆಗೆ ಹೋಗಿ ವಾಪಸ್ ಬಂದರೂ ಬೆಟ್ಟ ಹತ್ತಿದಂತೆಯೇ. ತುದಿಯ ನಂದಿಯ ಕಡೆ ಕಲ್ಲು ತುಂಬಾ ಕಡಿದಾಗಿದೆ. ಅಲ್ಲಿ ಕಂಬಿ ಹಿಡಿಯಲು ಕೈ ಖಾಲಿ ಇರಲಿ. ತಿಂಡಿಯ ಕವರ್ ಕೈಯಲ್ಲಿದ್ದರೆ ಕೋತಿಗಳು ಬಿಡುವುದಿಲ್ಲ. ಮಳೆ ಬಂದು ಕಲ್ಲು ಒದ್ದೆಯಾಗಿದ್ದರೆ ಆ ದಿನ ಬೇಡವೇ ಬೇಡ.

ಜೊತೆಗೆ ಹೋಗುವವರು ಹೇಗಿರಬೇಕು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಜೊತೆಯವರು ಮುಂದೆ ಓಡಿ ಮೇಲೆ ಕಾಯುತ್ತಾರೆ. ಅಮ್ಮ ಏದುಸಿರು ಬಿಡುತ್ತಾ ಬಂದು ಮುಟ್ಟಿದ ತಕ್ಷಣ "ಸರಿ, ಹೊರಡೋಣ" ಅನ್ನುತ್ತಾರೆ. ಅವರಿಗೆ ವಿಶ್ರಾಂತಿ ಆಗಿರುತ್ತದೆ, ಅಮ್ಮನಿಗೆ ಒಂದು ನಿಮಿಷವೂ ಸಿಕ್ಕಿರುವುದಿಲ್ಲ. ನಿಧಾನ ನಡೆಯುವವರು ಮುಂದಿರಲಿ, ಉಳಿದವರು ಅವರ ಹಿಂದೆ ಬರಲಿ. ಮಾತಾಡುತ್ತಾ ಹತ್ತುವಷ್ಟು ಉಸಿರು ಅವರಿಗೆ ಉಳಿದಿದ್ದರೆ ವೇಗ ಸರಿ ಇದೆ. ಇಳಿಯುವಾಗ ಮಾತ್ರ ಗಟ್ಟಿಯಾದ ಒಬ್ಬರು ಅವರಿಗಿಂತ ಒಂದು ಮೆಟ್ಟಿಲು ಕೆಳಗಿರಲಿ, ಕೈ ಎಳೆಯದೆ.