ಪರೀಕ್ಷೆಗಳೆಲ್ಲ ನಾರ್ಮಲ್, ನೋವು ಹೋಗಿಲ್ಲ: ಆಸ್ಪತ್ರೆಯ ಮನೋಚಿಕಿತ್ಸೆಯಿಂದ ಪ್ರಯೋಜನವಿದೆಯೇ?

ಪ್ರಶ್ನೆ: ನನ್ನ ತಾಯಿಯವರಿಗೆ ಎರಡು ವರ್ಷಗಳಿಂದ ಎದೆ ಬಿಗಿತ, ತಲೆಸುತ್ತು, ಮೈಕೈ ನೋವು. ಇಸಿಜಿ, ಎಕೋ, ಎಂಡೋಸ್ಕೋಪಿ ಎಲ್ಲವೂ ನಾರ್ಮಲ್. ಕೆಲವು ವಾರ ದಾಖಲಾಗಿ ಮನೋಚಿಕಿತ್ಸೆ ಪಡೆಯಿರಿ ಎಂದು ವೈದ್ಯರು ಹೇಳುತ್ತಿದ್ದಾರೆ. ಬರೀ ಮಾತಿನಿಂದ ನೋವು ಹೋಗುತ್ತದೆಯೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಪ್ರಯೋಜನವಿದೆ; ಯಾವುದರಲ್ಲಿ, ಎಷ್ಟು ಎಂಬುದನ್ನು ಮೊದಲೇ ತಿಳಿದುಕೊಂಡರೆ ನಿರಾಶೆ ತಪ್ಪುತ್ತದೆ.

ವರದಿ ನಾರ್ಮಲ್ ಬಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಆತಂಕ ಹೆಚ್ಚಾದಾಗ ಅರಿವಿಗೆ ಬಾರದಂತೆ ಉಸಿರಾಟ ವೇಗವಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಇಳಿದು, ತಲೆ ಸುತ್ತುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ, ಎದೆ ಬಿಗಿಯುತ್ತದೆ. ಇದು ಹೃದಯಾಘಾತವೇ ಇರಬೇಕೆಂಬ ಭಯದಿಂದ ಉಸಿರು ಇನ್ನಷ್ಟು ವೇಗವಾಗುತ್ತದೆ. 'ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ' ಎಂದು ಮನೆಯವರು ಹೇಳಿದಷ್ಟೂ ತಾಯಿಯವರು ಒಂಟಿಯಾಗುತ್ತಾರೆ. ದಯವಿಟ್ಟು ಆ ಮಾತನ್ನು ಆಡಬೇಡಿ.

ಚಿಕಿತ್ಸೆ ಬರೀ ಮಾತೂ ಅಲ್ಲ. ಅರಿವು ಮತ್ತು ವರ್ತನೆಯ ಚಿಕಿತ್ಸೆಯಲ್ಲಿ, ಅಂದರೆ ಸಿಬಿಟಿಯಲ್ಲಿ, ರೋಗಿಯ ಕೈಗೆ ಸಾಮಾನ್ಯವಾಗಿ ಒಂದು ನೋಟ್‌ಬುಕ್ ಬರುತ್ತದೆ. 'ಬೆಳಿಗ್ಗೆ 11 ಗಂಟೆ, ಎದೆ ಬಿಗಿತ, 10ಕ್ಕೆ 7. ಅದಕ್ಕೆ ಮೊದಲು ಮಗನ ಫೋನ್‌ಗೆ ಕಾಯುತ್ತಿದ್ದೆ' ಎಂಬಂಥ ಸಾಲುಗಳು ಎರಡು ವಾರ ತುಂಬಿದಾಗ, ನೋವು ಯಾವಾಗ ಏರುತ್ತದೆ ಎಂಬುದು ಅವರ ಕಣ್ಣಿಗೇ ಕಾಣಿಸುತ್ತದೆ. ಜೊತೆಗೆ ನಿಧಾನ ಉಸಿರಾಟದ ಅಭ್ಯಾಸ ಮತ್ತು ಭಯದಿಂದ ಬಿಟ್ಟಿದ್ದ ನಡಿಗೆ, ಅಡುಗೆ, ಬಸ್ ಪ್ರಯಾಣಗಳನ್ನು ಹಂತಹಂತವಾಗಿ ಮರಳಿ ಆರಂಭಿಸುವ ಕೆಲಸ ನಡೆಯುತ್ತದೆ.

ದಾಖಲಾತಿ ಎಲ್ಲರಿಗೂ ಬೇಕಿಲ್ಲ. ಹಲವರಿಗೆ ಹೊರರೋಗಿ ಚಿಕಿತ್ಸೆಯೇ ಸಾಕು. ಮನೋದೈಹಿಕ ವೈದ್ಯಕೀಯವನ್ನು, ಅಂದರೆ ಮನಸ್ಸು ಮತ್ತು ದೇಹದ ತೊಂದರೆಗಳನ್ನು ಒಟ್ಟಾಗಿ ನೋಡುವ ಚಿಕಿತ್ಸೆಯನ್ನು, ಪ್ರತ್ಯೇಕ ತಜ್ಞ ವಿಭಾಗವಾಗಿ ಬೆಳೆಸಿರುವ ಜರ್ಮನಿಯಲ್ಲಿ ವಾರಗಟ್ಟಲೆ ಒಳರೋಗಿಗಳಾಗಿರುವುದು ರೂಢಿಯಲ್ಲಿದೆ, ಅಲ್ಲಿನ ಅಧ್ಯಯನಗಳೂ ಸಾಕಷ್ಟಿವೆ. ಬಿಡುಗಡೆಯ ಹೊತ್ತಿಗೆ ರೋಗಲಕ್ಷಣಗಳು ಮಧ್ಯಮ ಪ್ರಮಾಣದಲ್ಲಿ ತಗ್ಗುತ್ತವೆ, ಇತರರೊಂದಿಗಿನ ಸಂಬಂಧದ ತೊಡಕುಗಳು ಅದಕ್ಕಿಂತ ಕಡಿಮೆ ಬದಲಾಗುತ್ತವೆ ಎಂಬುದು ಅವುಗಳ ಒಟ್ಟು ಫಲಿತಾಂಶ. ಆದರೆ ಇವುಗಳಲ್ಲಿ ಬಹುಪಾಲು ದಾಖಲಾದಾಗಿನ ಮತ್ತು ಹೊರಬಂದಾಗಿನ ಸ್ಥಿತಿಯನ್ನಷ್ಟೇ ಹೋಲಿಸಿವೆ. ತೀರಾ ಕಷ್ಟದಲ್ಲಿದ್ದಾಗಲೇ ಜನರು ದಾಖಲಾಗುವುದರಿಂದ, ಕಾಲಕ್ರಮದಲ್ಲಿ ತಾನಾಗಿಯೇ ಆಗಬಹುದಾದ ಸ್ವಲ್ಪ ಸುಧಾರಣೆಯೂ ಈ ಲೆಕ್ಕದೊಳಗೆ ಸೇರಿಕೊಂಡಿರುತ್ತದೆ.

ಸಂಬಂಧದ ತೊಡಕು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ ಎಂಬ ಅಂಶವೇ ನಿಮ್ಮ ಮನೆಗೆ ಮುಖ್ಯವಾದದ್ದು ಎಂದು ನನಗನ್ನಿಸುತ್ತದೆ. ವಾರ್ಡಿನಲ್ಲಿ ಹಗುರಾದವರು ಮರಳಿ ಬರುವುದು ಅದೇ ಮನೆಗೆ, ಅದೇ ಮಾತುಗಳಿಗೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದ್ದು, ಮನೆಯವರು ರೋಗಿಯೊಂದಿಗೆ ತಂಗಿ ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ನೀವು ಎಲ್ಲಿಗೆ ಹೋದರೂ, ಕುಟುಂಬದೊಂದಿಗೆ ಎಷ್ಟು ಭೇಟಿಗಳಿರುತ್ತವೆ, ಬಿಡುಗಡೆಯ ನಂತರ ಯಾರು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಎಂಬುದನ್ನು ದಾಖಲಾಗುವ ಮೊದಲೇ ಕೇಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮೆಯಲ್ಲಿ ದೈಹಿಕ ಕಾಯಿಲೆಗಿರುವ ಸೌಲಭ್ಯ ಮಾನಸಿಕ ಕಾಯಿಲೆಗೂ ಇರಬೇಕು. ಪಾಲಿಸಿಯ ಷರತ್ತುಗಳನ್ನು ಓದಿಕೊಳ್ಳಿ. ಈಗ ನಡೆಯುತ್ತಿರುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಎದೆನೋವು ಹೊಸ ರೀತಿಯಲ್ಲಿ ಕಾಣಿಸಿದರೆ ತಕ್ಷಣ ತೋರಿಸಿ. ಭೇಟಿಗೆ ಮೊದಲು ಕನ್ನಡದಲ್ಲಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416, ಹಗಲು ರಾತ್ರಿಯೂ ಲಭ್ಯ. ಆ ಕರೆಯನ್ನು ತಾಯಿಯವರ ಪಕ್ಕದಲ್ಲಿ ಕುಳಿತೇ ಮಾಡಿ.