ಹೊಲದ ಸುತ್ತಲಿನ ಕುಸುಬಿ: ಲಾಭದ ಲೆಕ್ಕ ಹಾಕುವುದು ಹೇಗೆ?

ಕೃಷಿ ಲೆಕ್ಕದ ಪರೀಕ್ಷೆಗೆ ಓದುವವರಿಗೆ ಈ ಟಿಪ್ಪಣಿ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯವರಿಗೆ ಕುಸುಬಿಯ ಪರಿಚಯ ಬೇಕಿಲ್ಲ. ಹಿಂಗಾರಿ ಎಣ್ಣೆಕಾಳು. ಬೇರು ಆಳಕ್ಕಿಳಿದು, ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಉಳಿದ ಹಸಿಯ ಮೇಲೇ ಬೆಳೆಯುತ್ತದೆ. 1994ರಲ್ಲಿ ತಾಳೆ ಎಣ್ಣೆ ಆಮದು ಸಡಿಲಾಯಿತು, ಅಗ್ಗದ ಎಣ್ಣೆ ಬಂತು. ಇತ್ತ ಕಡಲೆಯೂ ಜಾಗ ಹಿಡಿಯಿತು, ಕುಸುಬಿ ಹೊಲದ ಅಂಚಿಗೆ ಸರಿಯಿತು. ಈಗ ಕಡಲೆ, ಬಿಳಿಜೋಳದ ಸುತ್ತ ನಾಲ್ಕು ಸಾಲು ಕುಸುಬಿ ಹಾಕುವವರೇ ಜಾಸ್ತಿ. ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ.

ಬೆಂಬಲ ಬೆಲೆ: 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕುಸುಬಿಗೆ ಕ್ವಿಂಟಲ್‌ಗೆ 5,940 ರೂಪಾಯಿ, ಕಡಲೆಗೆ 5,650 ಇತ್ತು. ಕುಸುಬಿಗೆ ಹಿಡಿದ ಉತ್ಪಾದನಾ ವೆಚ್ಚ 3,960, ಅದರ ಒಂದೂವರೆ ಪಟ್ಟು ಬೆಲೆ. ಈ ವೆಚ್ಚ ಎ2 ಪ್ಲಸ್ ಎಫ್‌ಎಲ್: ಕೈಯಿಂದ ಕೊಟ್ಟ ಖರ್ಚು (ಎ2), ಜೊತೆಗೆ ಮನೆಯವರ ದುಡಿಮೆಯ ಕೂಲಿ (ಎಫ್‌ಎಲ್). ಸ್ವಂತ ಜಮೀನಿನ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಇದರಲ್ಲಿಲ್ಲ. ಅವು ಸೇರಿದರೆ ಸಿ2.

ಈಗ ತಲೆ ತಿನ್ನುವ ಭಾಗ. ಮೂರು ಎಕರೆ ಕಡಲೆ ಹೊಲದ ಸುತ್ತ ಕುಸುಬಿ ಇದೆ. ಉಳುಮೆ, ಹರಗುವ ಖರ್ಚಿನಲ್ಲಿ ಕುಸುಬಿಯ ಪಾಲೆಷ್ಟು? ಸಾಲು ಎಣಿಸಿ ಹಂಚಬೇಕಾ? ಹಂಚಲೇಬೇಡಿ! ಕುಸುಬಿ ಹಾಕಿದರೂ ಬಿಟ್ಟರೂ ಹೊಲ ಉಳಲೇಬೇಕಲ್ವಾ? ಬದಲಾಗದ ಖರ್ಚನ್ನು ಲೆಕ್ಕಕ್ಕೇ ತರಬಾರದು. ಒಂದು ಬದಲಾವಣೆಯಿಂದ ಏರುಪೇರಾಗುವ ಖರ್ಚು, ಆದಾಯವನ್ನಷ್ಟೇ ಹಿಡಿಯುವ ಈ ಲೆಕ್ಕಕ್ಕೆ ಭಾಗಶಃ ಬಜೆಟ್ ಅಂತಾರೆ, ಅದರ ಜೀವ ಇಷ್ಟೇ. ಕೇಳಬೇಕಾದ್ದು ನಾಲ್ಕು: ಏನು ಹೊಸದಾಗಿ ಬಂತು, ಯಾವ ಖರ್ಚು ಉಳಿಯಿತು, ಯಾವ ಖರ್ಚು ಹೆಚ್ಚಾಯಿತು, ಯಾವ ಆದಾಯ ತಪ್ಪಿತು.

ಸುಮ್ನೆ ಅಂಕಿ ಹಿಡಿಯೋಣ. ಕುಸುಬಿ ಒಂದು ಕ್ವಿಂಟಲ್, ಆ ಬೆಂಬಲ ಬೆಲೆಯಲ್ಲಿ 5,940. ಆ ಅಂಚಿಗೆ ಬೇಕಿದ್ದ ಕಡಲೆ ಬೀಜ, ಕೀಳುವ ಕೂಲಿ ಉಳಿದದ್ದು 400. ಒಟ್ಟು 6,340. ಇನ್ನೊಂದು ಕಡೆ ಕುಸುಬಿ ಬೀಜ, ಕೊಯ್ಲು, ಬಡಿಯುವ ಕೂಲಿ 1,500. ಅದೇ ಜಾಗದಲ್ಲಿ ಬರಬಹುದಾಗಿದ್ದ 40 ಕಿಲೋ ಕಡಲೆ, 2,260. ಒಟ್ಟು 3,760. ಉಳಿದದ್ದು 2,580. ತಪ್ಪಿದ ಕಡಲೆಯ ಆದಾಯವನ್ನು ಮರೆತರೆ ಕುಸುಬಿ 4,840 ತಂದಂತೆ ಕಾಣುತ್ತದೆ. ಪರೀಕ್ಷೆಯಲ್ಲಿ ಬಲೆ ಬೀಸುವುದು ಇಲ್ಲೇ.

ಪೇಟೆಯಲ್ಲಿ ದರ 4,500ಕ್ಕೆ ಇಳಿದರೆ? ಬೇರೆಲ್ಲ ಹಾಗೇ ಇಟ್ಟು ಮೊದಲ ಅಂಕಿ ಬದಲಿಸಿ: ಉಳಿತಾಯ 1,140. ಅಷ್ಟೇ ಕೆಲಸ.

ಕೊಯ್ಲಿನ ಕೂಲಿ ಮೇಲೂ ಒಂದು ಕಣ್ಣಿರಲಿ. ಬಿಸಿಲೇರಿದರೆ ಮುಳ್ಳು ಗಡುಸಾಗುತ್ತದೆ, ಅದಕ್ಕೆ ನಸುಕಿನ ಮಂಜಿನಲ್ಲೇ, ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಯ್ಯುತ್ತಾರೆ. ಆಳು ಸಿಗುವುದು ಕಷ್ಟ, ಕೂಲಿಯೂ ಏರುತ್ತದೆ. ಮನೆಯವರೇ ಕೊಯ್ದರೆ ನಗದು ಉಳಿಯುತ್ತದೆ, ಆದರೆ ಎಫ್‌ಎಲ್‌ಗೆ ಆ ಕೂಲಿ ಬರೆಯಲೇಬೇಕು. ಸಣ್ಣ ರೈತರ ಲೆಕ್ಕದಲ್ಲಿ ಎ2 ಚಿಕ್ಕದಾಗಿ ಕಾಣುವುದು ಇದಕ್ಕೇ.

ದನ ಒಳಗೆ ನುಗ್ಗದೆ ಉಳಿದ ಕಡಲೆಯೂ ಬಂದ ಆದಾಯವೇ. ಅಳೆಯುವುದು ಕಷ್ಟ ಅಂತ ಬಿಡುತ್ತಾರೆ. ನನ್ನ ಪ್ರಕಾರ ರೈತರಿಗೆ ಎಣ್ಣೆಗಿಂತ ಆ ಬೇಲಿಯೇ ದೊಡ್ಡ ಲಾಭ, ಉತ್ತರದಲ್ಲಿ ಒಂದು ಸಾಲು ಬರೆಯಿರಿ. ಎಳೆ ಎಲೆಯ ಪಲ್ಯ, ಕುಸುಬಿ ಹಾಲಿನ ಹುಗ್ಗಿ, ಗಾಣದ ಎಣ್ಣೆ, ದನಕ್ಕೆ ಹಾಕುವ ಹಿಂಡಿ: ಮನೆಗೆ ಬಳಸಿದ್ದಕ್ಕೂ ಪೇಟೆ ದರ ಹಾಕಿ ಆದಾಯದಲ್ಲಿ ಸೇರಿಸಬೇಕು. ಆದರೆ ಒಂದೇ ಕಾಳನ್ನು ಕಾಳಾಗಿ ಒಮ್ಮೆ, ಎಣ್ಣೆಯಾಗಿ ಇನ್ನೊಮ್ಮೆ ಎಣಿಸಬೇಡಿ.