ಹವ್ಯಾಸಕ್ಕೆ ಉಳಿದ ಹೊತ್ತು ಸಾಲದು

1907ರಲ್ಲಿ ಕಲ್ಕತ್ತೆಗೆ ಹೋದಾಗ ಸಿ.ವಿ. ರಾಮನ್ ವಿಜ್ಞಾನಿಯಾಗಿ ಹೋದವರಲ್ಲ, ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಹೋದವರು. ಹಗಲು ಪೂರ್ತಿ ಲೆಕ್ಕಪತ್ರದ ಕಡತಗಳು. ಕಚೇರಿಗೆ ಮುಂಚೆ ಒಂದಷ್ಟು ಹೊತ್ತು, ಕಚೇರಿ ಬಿಟ್ಟ ಮೇಲೆ ಇನ್ನಷ್ಟು ಹೊತ್ತು ಬೌಬಜಾರ್ ರಸ್ತೆಯಲ್ಲಿದ್ದ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ಕೂತು ಅವರು ತಂತಿಗಳ ಕಂಪನವನ್ನು ಅಳೆಯುತ್ತಿದ್ದರು. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗವಾಯಿತು. ಆದರೂ ಆ ಗೀಳು ಬಿಡಲಿಲ್ಲ. ಪಿಟೀಲಿನ ಕಮಾನು ತಂತಿಯನ್ನು ಹೇಗೆ ಹಿಡಿದು ಬಿಡುತ್ತದೆ, ವೀಣೆಯ ನಾದಕ್ಕೆ ಆ ತುಂಬು ಎಲ್ಲಿಂದ ಬರುತ್ತದೆ, ಮೃದಂಗಕ್ಕೆ ಶ್ರುತಿ ಹೇಗೆ ಸಾಧ್ಯ ಎಂಬಂಥ ಪ್ರಶ್ನೆಗಳು ಅವರನ್ನು ದಿನವೂ ಅಲ್ಲಿಗೆ ಎಳೆದು ತರುತ್ತಿದ್ದವು.

ಮೃದಂಗದ ಪ್ರಶ್ನೆ ಬಹಳ ಸೊಗಸಾದದ್ದು. ಸಾಮಾನ್ಯವಾಗಿ ಬಿಗಿದ ಚರ್ಮವೊಂದನ್ನು ಬಡಿದರೆ ಮೂಲಸ್ವರದ ಜೊತೆ ಹುಟ್ಟುವ ಉಪಸ್ವರಗಳ ಆವರ್ತನ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ಮೂಲಸ್ವರದ 1.59 ಪಟ್ಟು, 2.14 ಪಟ್ಟು, 2.30 ಪಟ್ಟು ಹೀಗೆ ಅಡ್ಡಾದಿಡ್ಡಿಯಾಗಿರುತ್ತದೆ. ಹಾಗಾಗಿ ಅದರಿಂದ ಸದ್ದು ಹೊರಡುತ್ತದೆಯೇ ಹೊರತು ಸ್ವರ ನಿಲ್ಲುವುದಿಲ್ಲ. ಮೃದಂಗದ ಬಲಗಡೆ ನಡುಮಧ್ಯೆ ಕಿಟ್ಟದ ಪುಡಿ ಮತ್ತು ಅನ್ನವನ್ನು ಅರೆದು ಪದರಪದರವಾಗಿ ಮೆತ್ತಿದ ಕಪ್ಪು ಕರಣೆ ಇರುತ್ತದಲ್ಲ, ಅದರ ಭಾರವೇ ಈ ಅಡ್ಡಾದಿಡ್ಡಿಯನ್ನು ಸರಿಪಡಿಸುತ್ತದೆ. ಉಪಸ್ವರಗಳು ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ಬಂದು ಕೂರುತ್ತವೆ. ರಾಮನ್ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಬಡಿದಾಗ ಅದು ಎಲ್ಲೆಲ್ಲಿ ಗೆರೆಯಾಗಿ ನಿಲ್ಲುತ್ತದೆಂದು ನೋಡಿ, ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಲ್ಲಿ ಒಂದುಗೂಡುವುದನ್ನು ತೋರಿಸಿದರು. ಇದರ ಮೊದಲ ಟಿಪ್ಪಣಿ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಪೂರ್ಣ ಪ್ರಬಂಧ ಬಂದದ್ದು 1934ರಲ್ಲಿ, ನೊಬೆಲ್ ಬಂದ ಮೇಲೆ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ.

ಎಲ್ಲರ ಹವ್ಯಾಸವೂ ನೊಬೆಲ್ ತನಕ ಹೋಗಬೇಕಿಲ್ಲ. ನನ್ನ ಗಮನ ಇರುವುದು ಸರ್ಕಾರಿ ನೌಕರಿಯ ಆ ಹತ್ತು ವರ್ಷಗಳ ದಿನಚರಿಯ ಮೇಲೆ. ದೊಡ್ಡ ಜವಾಬ್ದಾರಿಯ ನೌಕರಿ, ಹೊಸ ಸಂಸಾರ, ಮೇಲಿಂದ ಮೇಲೆ ವರ್ಗ. ಇಷ್ಟರ ನಡುವೆ ಒಬ್ಬ ಮನುಷ್ಯ ತನಗೆ ಪ್ರಿಯವಾದದ್ದಕ್ಕೆ ದಿನದಲ್ಲಿ ಗೊತ್ತಾದ ಜಾಗ ಕೊಟ್ಟಿದ್ದ. ನಾವು ಮಾಡುವುದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಕೆಲಸ, ಟ್ರಾಫಿಕ್, ಮಕ್ಕಳ ಹೋಂವರ್ಕ್ ಎಲ್ಲ ಮುಗಿದು ಏನಾದರೂ ಹೊತ್ತು ಉಳಿದರೆ ಕೊಳಲು ತೆಗೆಯೋಣ ಅಂದುಕೊಳ್ಳುತ್ತೇವೆ. ಹೊತ್ತು ಉಳಿಯುವುದೇ ಇಲ್ಲ. ಉಳಿದರೂ ಅಷ್ಟು ಹೊತ್ತಿಗೆ ಕೈ ಹೋಗುವುದು ಮೊಬೈಲಿನ ಕಡೆ.

ಆ ಕೈ ಮೊಬೈಲಿಗೇ ಹೋಗುವುದಕ್ಕೆ ಕಾರಣವಿದೆ: ಅದಕ್ಕೆ ಶ್ರಮ ಬೇಡ. ದಣಿದವನಿಗೆ ವಿಶ್ರಾಂತಿ ಸಾಕು ಎಂದು ನಾವು ನಂಬಿದ್ದೇವೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನ್ ಸೊನೆನ್‌ಟಾಗ್ ಮತ್ತು ಶಾರ್ಲೊಟ್ ಫ್ರಿಟ್ಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಸ್ವಲ್ಪ ತಿದ್ದುತ್ತದೆ. ದುಡಿದ ಮನಸ್ಸು ಚೇತರಿಸಿಕೊಳ್ಳುವ ಅನುಭವದಲ್ಲಿ ಅವರು ನಾಲ್ಕು ಎಳೆಗಳನ್ನು ಗುರುತಿಸಿದರು. ಕೆಲಸದ ಯೋಚನೆಯಿಂದ ಪೂರ್ತಿ ಕಳಚಿಕೊಳ್ಳುವುದು, ಮೈಮನ ಸಡಿಲವಾಗುವುದು, ಹೊಸದೊಂದನ್ನು ಕಲಿತು ಕೈವಶ ಮಾಡಿಕೊಳ್ಳುವುದು, ಆ ಹೊತ್ತಿಗೆ ನಾನೇ ಯಜಮಾನ ಎಂದು ಅನ್ನಿಸುವುದು. ಸೋಫಾದಲ್ಲಿ ಒರಗಿ ರೀಲ್ಸ್ ನೋಡಿದರೆ ಎರಡನೆಯದು ಒಂದಿಷ್ಟು ಸಿಕ್ಕೀತು. ಆಫೀಸಿನ ವಾಟ್ಸ್ಆ್ಯಪ್ ಗುಂಪು ಅದೇ ಫೋನಿನಲ್ಲಿ ಇರುವುದರಿಂದ ಮೊದಲನೆಯದು ಕಷ್ಟ. ಮೂರನೆಯದಂತೂ ಇಲ್ಲವೇ ಇಲ್ಲ. ಅದೇ, ಆದಿತಾಳದಲ್ಲಿ ಒಂದು ವರ್ಣವನ್ನು ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ನುಡಿಸಲು ಹೆಣಗುವವನಿಗೆ ಮ್ಯಾನೇಜರ್ ಕಳಿಸಿದ ಇಮೇಲು ನೆನಪಾಗಲು ಜಾಗವೇ ಇರುವುದಿಲ್ಲ, ನೆನಪಾದರೆ ತಾಳ ತಪ್ಪುತ್ತದೆ. ಹವ್ಯಾಸ ದಣಿಸಿದರೂ ಹಗುರ ಮಾಡುವುದು ಹೀಗೆ.

ದಿನಕ್ಕೆ ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ನನಗೆ ಇಷ್ಟವಾದ ಉತ್ತರ ಬ್ರಿಟನ್ನಿನ ಅಂಚೆ ನೌಕರರಿಂದ ಬಂದದ್ದು. ಕಾಗದಗಳನ್ನು ವಿಂಗಡಿಸುವ ಹೊಸ ಯಂತ್ರಕ್ಕಾಗಿ ಅವರು ಟೈಪಿಂಗ್ ಕಲಿಯಬೇಕಾಗಿತ್ತು. ಮನಶ್ಶಾಸ್ತ್ರಜ್ಞ ಅಲನ್ ಬ್ಯಾಡ್ಲಿ ಮತ್ತು ಅವರ ಸಹೋದ್ಯೋಗಿ ಲಾಂಗ್ಮನ್ ಈ ನೌಕರರನ್ನು ಗುಂಪು ಮಾಡಿ, ಕೆಲವರಿಗೆ ದಿನಕ್ಕೆ ಒಂದೇ ಗಂಟೆ, ಕೆಲವರಿಗೆ ಎರಡು ಗಂಟೆ, ಇನ್ನು ಕೆಲವರಿಗೆ ನಾಲ್ಕು ಗಂಟೆ ಅಭ್ಯಾಸ ಕೊಟ್ಟರು. 1978ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಿನಕ್ಕೆ ಒಂದು ಗಂಟೆ ಕೂತವರು ಒಟ್ಟು ಕಡಿಮೆ ಗಂಟೆಗಳಲ್ಲಿ ಅದೇ ಮಟ್ಟ ಮುಟ್ಟಿದರು, ಕಲಿತದ್ದು ಅವರಲ್ಲಿ ಚೆನ್ನಾಗಿ ಉಳಿಯಿತು. ಆದರೆ ತಮ್ಮ ತರಬೇತಿಯ ಬಗ್ಗೆ ಅತಿ ಕಡಿಮೆ ಸಮಾಧಾನ ಇದ್ದದ್ದೂ ಅವರಿಗೇ! ಪಕ್ಕದವರು ಕೆಲವೇ ವಾರಗಳಲ್ಲಿ ಮುಗಿಸಿ ಹೋಗುವಾಗ ತಾವಿನ್ನೂ ಕಲಿಯುತ್ತಲೇ ಇದ್ದೇವಲ್ಲ ಎಂಬ ಕೊರಗು. ಭಾನುವಾರ ನಾಲ್ಕು ಗಂಟೆ ಸಾಧನೆ ಮಾಡಿ ಮಿಕ್ಕ ಆರು ದಿನ ವಾದ್ಯ ಮುಟ್ಟದವರು, ಮೂರನೇ ತಿಂಗಳಿಗೆ ‘ನನಗೆ ಇದು ಬರಲ್ಲ’ ಎಂದು ಬಿಟ್ಟುಬಿಡುವವರು ಈ ಪ್ರಯೋಗವನ್ನು ತಿಳಿದಿರಬೇಕು. ರಾತ್ರಿಯ ನಿದ್ದೆಯೂ ಕಲಿಕೆಯ ಭಾಗ. ಬೆರಳು ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ವಾರಕ್ಕೆ ಒಂದೇ ದಿನ ಕೂತವನಿಗೆ ಆ ಅವಕಾಶ ಒಂದೇ ರಾತ್ರಿ ಸಿಗುತ್ತದೆ.

ನಾವೇ ನುಡಿಸುವುದು ಒಂದಾದರೆ, ಎದುರು ಕೂತು ಕೇಳುವುದು ಇನ್ನೊಂದು. ಬೇಕಾದ ಹಾಡು ಬೇಕಾದಾಗ ಕಿವಿಗೆ ಬೀಳುವ ಈ ಕಾಲದಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ರಾಮನವಮಿ ಕಛೇರಿ ಕೇಳಲು ಬೇಸಿಗೆಯ ಸೆಕೆಯಲ್ಲಿ ಯಾಕೆ ಹೋಗಬೇಕು? ಮೈಸೂರಿನ ಎಂಟನೇ ಕ್ರಾಸ್ ಗಣಪತಿಯ ಪೆಂಡಾಲಿನಲ್ಲಿ ಜಾಗ ಹಿಡಿಯಲು ಯಾಕೆ ಬೇಗ ಹೊರಡಬೇಕು? ಜ್ಯೂರಿಕ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಒಂದು ಉತ್ತರವಿದೆ. ಕೇಳುಗರು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿದ್ದರು, ಪಿಯಾನೊ ವಾದಕರು ಆಗಲೇ ನುಡಿಸುತ್ತಿದ್ದರು. ಕೇಳುಗರ ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಎಷ್ಟು ಎಚ್ಚೆತ್ತಿದೆ ಎಂಬುದು ವಾದಕರಿಗೆ ಆ ಕ್ಷಣವೇ ತಿಳಿಯುತ್ತಿತ್ತು, ಅದಕ್ಕೆ ತಕ್ಕಂತೆ ಅವರು ನುಡಿಸಾಣಿಕೆ ಬದಲಿಸುತ್ತಿದ್ದರು. ಅದೇ ಸಂಗೀತವನ್ನು ಧ್ವನಿಮುದ್ರಣದಲ್ಲಿ ಕೇಳಿಸಿದಾಗ ಇದ್ದದ್ದಕ್ಕಿಂತ ಅಮಿಗ್ಡಲಾದ ಸ್ಪಂದನ ಎದುರು ನುಡಿಸಿದಾಗ ಹೆಚ್ಚಿತ್ತು, ಹೆಚ್ಚು ಸ್ಥಿರವಾಗಿತ್ತು.

ನಮ್ಮ ಕಛೇರಿಗೆ ಹೋಗುವವರಿಗೆ ಇದು ಅಚ್ಚರಿಯೆನಿಸದು. ಕೃತಿಯ ಒಂದು ಸಾಲನ್ನೇ ಬಗೆಬಗೆಯಾಗಿ ಬೆಳೆಸುವ ನೆರವಲು ಹಿಡಿದಾಗ ಮುಂದಿನ ಸಾಲಿನಲ್ಲಿ ಯಾರೋ ತಲೆದೂಗುತ್ತಾರೆ, ಗಾಯಕಿ ಅದನ್ನು ನೋಡುತ್ತಾಳೆ, ಇನ್ನೆರಡು ಆವರ್ತ ಅದೇ ಸಾಲಿನಲ್ಲಿ ನಿಲ್ಲುತ್ತಾಳೆ. ಧಾರವಾಡದ ಬೈಠಕ್ಕಿನಲ್ಲಿ ‘ಕ್ಯಾ ಬಾತ್’ ಎಂಬ ಉದ್ಗಾರಕ್ಕೆ ಇರುವ ಕೆಲಸವೂ ಅದೇ. ಕೇಳುಗರ ಮಿದುಳಿನ ಸ್ಥಿತಿಯನ್ನು ಕಲಾವಿದರಿಗೆ ತಲುಪಿಸಲು ಸ್ಕ್ಯಾನರ್ ಬೇಕಾದದ್ದು ಜ್ಯೂರಿಕ್‌ನಲ್ಲಿ. ಇಲ್ಲಿ ತೊಡೆಯ ಮೇಲೆ ತಾಳ ಹಾಕುವ ಕೈಗಳೇ ಅದನ್ನು ಮಾಡುತ್ತಿವೆ.

ತಾಳ ಹಾಕುವುದಕ್ಕೂ ವಿಜ್ಞಾನದ ಸಾಕ್ಷಿಯಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಗೀತ ಸಭಾಂಗಣವನ್ನೇ ಪ್ರಯೋಗಾಲಯವಾಗಿ ಕಟ್ಟಿದ್ದಾರೆ. ಅಲ್ಲಿ ಒಂದು ಗುಂಪಿಗೆ ಕಲಾವಿದ ಎದುರು ನಿಂತು ಹಾಡಿದ, ಇನ್ನೊಂದು ಗುಂಪಿಗೆ ಅವೇ ಹಾಡುಗಳ ಮುದ್ರಣವನ್ನು ಕೇಳಿಸಲಾಯಿತು. ತಲೆಯ ಚಲನೆಯನ್ನು ಕ್ಯಾಮರಾಗಳು ಅಳೆದವು. ಎದುರು ಹಾಡಿದಾಗ ಕೇಳುಗರ ತಲೆ ಹೆಚ್ಚು ಹುರುಪಿನಿಂದ ಆಡುತ್ತಿತ್ತು, ಆ ಕಲಾವಿದನ ಅಭಿಮಾನಿಗಳು ಲಯಕ್ಕೆ ಇನ್ನಷ್ಟು ಹತ್ತಿರವಾಗಿ ಹೊಂದಿಕೊಂಡರು. ಮಾಂಟ್ರಿಯಲ್ಲಿನ ಇನ್ನೊಂದು ತಂಡ 2011ರಲ್ಲಿ ತೋರಿಸಿದ ಸಂಗತಿ ಇದಕ್ಕೆ ಪೂರಕ. ಸಂಗೀತದಲ್ಲಿ ಮೈ ಜುಮ್ಮೆನ್ನುವ ಗಳಿಗೆ ಬಂದಾಗ ಮಿದುಳಿನಲ್ಲಿ ಸುಖ, ಆಸೆಗಳಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಆ ಗಳಿಗೆ ಬರಲಿದೆ ಎಂದು ಕಾಯುವಾಗಲೂ ಬಿಡುಗಡೆಯಾಗುತ್ತದೆ, ಮಿದುಳಿನ ಬೇರೊಂದು ಭಾಗದಲ್ಲಿ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಕೊನೆಯ ಮುಕ್ತಾಯಿ ಸಮದ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿನ ಮೇಲೆ, ಬಂದು ಬೀಳುವ ತನಕ ಇಡೀ ಸಭೆ ಉಸಿರು ಹಿಡಿಯುವುದು ಆ ಕಾಯುವಿಕೆಯ ಸುಖ. ತಾಳ ಗೊತ್ತಿದ್ದವರಿಗೆ ಕಾಯುವುದೂ ಗೊತ್ತಿರುತ್ತದೆ. ಅದಕ್ಕೇ ಸ್ವಲ್ಪವಾದರೂ ಕಲಿತವರು ಕಛೇರಿಯನ್ನು ಹೆಚ್ಚು ಅನುಭವಿಸುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳಬಹುದಾದರೆ, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬಲ್‌ಗೆ ಸುಮಾರು 15 ನಿಮಿಷ. ಆರ್ಕೆಸ್ಟ್ರಾದ ಸ್ಪೀಕರ್ ಪಕ್ಕದ ಕುರ್ಚಿ ಖಾಲಿ ಇದ್ದರೂ ಹಿಂದೆ ಹೋಗಿ ಕೂರಿ, ಮಕ್ಕಳನ್ನಂತೂ ಅಲ್ಲಿ ಕೂರಿಸಲೇಬೇಡಿ.

ಕಛೇರಿಗೆ ಹೋದರೆ ಆಯುಸ್ಸು ಹೆಚ್ಚುತ್ತದೆಯೇ? ಲಂಡನ್ನಿನ ಸಂಶೋಧಕರಾದ ಡೇಸಿ ಫ್ಯಾನ್‌ಕೋರ್ಟ್ ಮತ್ತು ಆ್ಯಂಡ್ರ್ಯೂ ಸ್ಟೆಪ್ಟೊ 50 ದಾಟಿದ ಸುಮಾರು 6,700 ಮಂದಿ ಇಂಗ್ಲೆಂಡ್ ನಿವಾಸಿಗಳ 14 ವರ್ಷಗಳ ಮಾಹಿತಿಯನ್ನು ನೋಡಿ 2019ರಲ್ಲಿ ಬರೆದರು. ಕೆಲವು ತಿಂಗಳಿಗೊಮ್ಮೆಯಾದರೂ ಸಂಗೀತ, ನಾಟಕ, ಕಲಾಪ್ರದರ್ಶನಗಳಿಗೆ ಹೋಗುತ್ತಿದ್ದವರಲ್ಲಿ ಆ ಅವಧಿಯ ಸಾವಿನ ಅಪಾಯ, ಎಂದೂ ಹೋಗದವರಿಗಿಂತ ಶೇ 31ರಷ್ಟು ಕಡಿಮೆ ಇತ್ತು. ವರ್ಷಕ್ಕೆ ಒಂದೆರಡು ಸಲ ಹೋಗುವವರಲ್ಲಿ ಶೇ 14 ಕಡಿಮೆ. ಹಣ, ಆರೋಗ್ಯ, ಓಡಾಟದ ಶಕ್ತಿ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಆದರೂ ಇದು ಗಮನಿಸಿ ಬರೆದ ಅಧ್ಯಯನ, ಪ್ರಯೋಗವಲ್ಲ. ಗಟ್ಟಿಮುಟ್ಟಾಗಿದ್ದವರೇ ಹೊರಗೆ ಹೋಗುತ್ತಾರೆ ಎಂಬ ಅನುಮಾನವನ್ನು ಪೂರ್ತಿ ತಳ್ಳಿಹಾಕಲಾಗದು. ಆಯುಸ್ಸಿನ ಲೆಕ್ಕ ಹಾಕಿ ಟಿಕೆಟ್ ಕೊಳ್ಳುವುದು ಬೇಡ, ಆ ಸಂಜೆಗಾಗಿಯೇ ಕೊಳ್ಳಿ.

ಇನ್ನು ಹವ್ಯಾಸವೇ ಬದುಕನ್ನು ನುಂಗುವ ಸಂದರ್ಭ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲರಾಂಡ್ 2003ರಲ್ಲಿ ಒಲವನ್ನು ಎರಡಾಗಿ ವಿಂಗಡಿಸಿದರು. ಒಂದು ಬದುಕಿನ ಉಳಿದ ಸಂಗತಿಗಳ ಜೊತೆ ಹೊಂದಿಕೊಂಡು ಇರುತ್ತದೆ, ಇನ್ನೊಂದು ಮನುಷ್ಯನನ್ನೇ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ. ಕ್ವಿಬೆಕ್ಕಿನ ಚಳಿಗಾಲದಲ್ಲಿ ಹಿಮ, ಮಂಜುಗಡ್ಡೆ ತುಂಬಿದ ಅಪಾಯದ ರಸ್ತೆಯಲ್ಲೂ ಸೈಕಲ್ ತುಳಿಯುವುದನ್ನು ನಿಲ್ಲಿಸದವರಲ್ಲಿ ಈ ಎರಡನೆಯ ಬಗೆಯ ಒಲವು ಹೆಚ್ಚಿರುವುದನ್ನು ಅವರ ತಂಡ ಕಂಡಿತು. ಎಷ್ಟು ಗಂಟೆ ಕೊಡುತ್ತೀರಿ ಎಂಬುದರಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ. ಬೇಕಾದಾಗ ನಿಲ್ಲಿಸಬಲ್ಲಿರಾ, ಊಟಕ್ಕೆ ಕೂತಾಗ ಊಟದಲ್ಲಿ ಇರುತ್ತೀರಾ, ಒಂದು ದಿನ ತಪ್ಪಿದರೆ ಮೈ ಪರಚಿಕೊಳ್ಳುತ್ತೀರಾ ಎಂದು ಕೇಳಿಕೊಂಡರೆ ತಿಳಿಯುತ್ತದೆ. ಕರಾವಳಿಯ ತಾಳಮದ್ದಲೆಯ ಹವ್ಯಾಸಿಗಳನ್ನು ನೋಡಿ: ಮೇಷ್ಟ್ರು, ವಕೀಲರು, ಬ್ಯಾಂಕಿನವರು, ಕೃಷಿಕರು ರಾತ್ರಿ ಕರ್ಣನಾಗಿಯೋ ಕೃಷ್ಣನಾಗಿಯೋ ಅರ್ಥ ಹೇಳಿ, ಮರುದಿನ ಅದೇ ಮಾತಿನ ಹೊಳಪಿನೊಂದಿಗೆ ತರಗತಿಗೋ ಕೋರ್ಟಿಗೋ ಹೋಗುತ್ತಾರೆ. ಒಂದು ಇನ್ನೊಂದಕ್ಕೆ ಕಸುವು ಕೊಡುವ ಇಂಥ ಹೊಂದಾಣಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಇನ್ನೊಂದು ಒತ್ತಡ ಹೊಸದು. ಮಗು ಚೆನ್ನಾಗಿ ಹಾಡಿದರೆ ರಿಯಾಲಿಟಿ ಶೋ ಆಡಿಷನ್, ಅತ್ತಿಗೆ ಚೆಂದದ ರಂಗೋಲಿ ಹಾಕಿದರೆ ಯೂಟ್ಯೂಬ್ ಚಾನೆಲ್. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಅಮೆರಿಕದ ಶಿಶುವಿಹಾರವೊಂದರಲ್ಲಿ, ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಬರೆಸಿದರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬರೆಯುವುದು ಕಡಿಮೆಯಾಯಿತು. ಹೇಳದೆ ಕೇಳದೆ ಬಹುಮಾನ ಸಿಕ್ಕ ಮಕ್ಕಳಲ್ಲಿ ಹಾಗಾಗಲಿಲ್ಲ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿಸುವುದು ತಪ್ಪೆಂದು ಇದರ ಅರ್ಥವಲ್ಲ. ಆದರೆ ಪರೀಕ್ಷೆ ಮುಗಿದ ಮಾರನೆಯ ದಿನವೂ ಮಗು ತಾನಾಗಿ ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂರುತ್ತದೆಯೇ ಎಂಬುದನ್ನು ಅಂಕಪಟ್ಟಿಗಿಂತ ಹೆಚ್ಚು ಗಮನಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಟು ಸತ್ಯ ಉಳಿಯುತ್ತದೆ. ರಾಮನ್ ಪ್ರಯೋಗಾಲಯದಲ್ಲಿ ಇದ್ದ ಹೊತ್ತಿನಲ್ಲಿ ಮನೆಯನ್ನು ಅವರ ಪತ್ನಿ ಲೋಕಸುಂದರಿ ನಡೆಸುತ್ತಿದ್ದರು. ಅವರು ವೀಣೆ ಬಲ್ಲವರು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 299 ನಿಮಿಷ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಅದರಲ್ಲೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಮದುವೆಯಾದ ಮೇಲೆ ಅಟ್ಟ ಸೇರಿದ ವೀಣೆಗಳಿಗೆ ಪ್ರತಿಭೆಯ ಕೊರತೆ ಕಾರಣವಲ್ಲ, ಈ ನಿಮಿಷಗಳ ಲೆಕ್ಕ ಕಾರಣ. ಹವ್ಯಾಸಕ್ಕೆ ಹೊತ್ತು ಮೀಸಲಿಡಿ ಎಂದು ಒಬ್ಬರಿಗೆ ಹೇಳುವುದು ಸುಲಭ. ಅವರ ಪಾಲಿನ ಅಡುಗೆಯನ್ನು ಇನ್ನೊಬ್ಬರು ಮಾಡಿದಾಗಲೇ ಆ ಹೊತ್ತು ನಿಜವಾಗಿ ಸಿಗುತ್ತದೆ.

ತಡವಾಗಿ ಶುರುಮಾಡುವವರಿಗೆ ಒಂದು ಒಳ್ಳೆಯ ಸುದ್ದಿಯಿದೆ. 16 ದೇಶಗಳ 65 ದಾಟಿದ 93,000ಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ, ಬದುಕಿನ ತೃಪ್ತಿ ಹೆಚ್ಚು ಎಂದು ಕಂಡಿತು. ಇಂಗ್ಲೆಂಡಿನಲ್ಲಿ ರಾಬಿನ್ ಡನ್‌ಬಾರ್ ತಂಡದವರು ವಯಸ್ಕರ ಸಂಜೆ ತರಗತಿಗಳನ್ನು ಏಳು ತಿಂಗಳು ಹಿಂಬಾಲಿಸಿದರು. ಕೈಕೆಲಸ, ಬರವಣಿಗೆ ಕಲಿಯಲು ಬಂದವರೂ, ಹಾಡು ಕಲಿಯಲು ಬಂದವರೂ ಕೊನೆಗೆ ತಂತಮ್ಮ ಗುಂಪಿನಲ್ಲಿ ಸಮಾನವಾಗಿ ಹತ್ತಿರವಾಗಿದ್ದರು. ಆದರೆ ಒಟ್ಟಿಗೆ ಹಾಡಿದವರು ಬಹಳ ಬೇಗ ಹತ್ತಿರವಾದರು. ಬಡಾವಣೆಯ ಭಜನಾ ಮಂಡಳಿಗೆ ಹೊಸದಾಗಿ ಸೇರಿದ ಮಹಿಳೆಗೆ ಪಕ್ಕದಲ್ಲಿ ಕೂತವರ ಹೆಸರು ಸರಿಯಾಗಿ ಗೊತ್ತಾಗುವ ಮುಂಚೆಯೇ ಅವರು ತನ್ನವರು ಅನ್ನಿಸಿಬಿಡುವುದು ಇದರಿಂದಲೇ ಇರಬೇಕು.